ತೊರ್ಬೆಲ್: ಊರೊಟ್ಟಿನ ಗೋಮಾಳ

ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿ, ಸುಮಾರು 1,500 ಮೀಟರ್ ಎತ್ತರದ ಕಡಿದಾದ ಇಳಿಜಾರಿನಲ್ಲಿದೆ ತೊರ್ಬೆಲ್ ಎಂಬ ಹಳ್ಳಿ. ಆಲ್ಪ್ಸ್ ನಡುವಿದ್ದರೂ ಇಲ್ಲಿ ಮಳೆ ಕಡಿಮೆ. ಕಾಲುವೆ ನೀರು ಹಾಯಿಸದೆ ಹುಲ್ಲು ಬೆಳೆಯದು. ಬೆಳೆದ ರೈ ಧಾನ್ಯವನ್ನು ಮರದ ಕಣಜಗಳಲ್ಲಿ ಇಡುತ್ತಿದ್ದರು. ಇಲಿ ಹತ್ತದಂತೆ ಕಣಜದ ಒಂದೊಂದು ಕಾಲಿನ ಮೇಲೂ ಅಗಲವಾದ ಚಪ್ಪಟೆ ಕಲ್ಲು!

ಹೊಲ, ಹುಲ್ಲುಬಯಲು ಆಯಾ ಮನೆಯವರ ಸ್ವಂತದ್ದು. ಬೆಟ್ಟದ ಮೇಲಿನ ಗೋಮಾಳ, ಕಾಡು, ಕಾಲುವೆ, ದಾರಿಗಳು ಮಾತ್ರ ಊರೊಟ್ಟಿನ ಸ್ವತ್ತು. ಹೊರಗಿನವರು ಇಲ್ಲಿ ಜಮೀನು ಕೊಂಡರೂ ಗೋಮಾಳದಲ್ಲಿ ಪಾಲಿಲ್ಲವೆಂದು ಊರಿನವರು 1483ರಲ್ಲೇ ಬರೆದಿಟ್ಟರು. 1517ರ ಕಟ್ಟಳೆಯಂತೂ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು: ಚಳಿಗಾಲವಿಡೀ ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನೇ ಬೇಸಿಗೆಯಲ್ಲಿ ಮೇಲಕ್ಕೆ ಅಟ್ಟಬೇಕು. ತಪ್ಪಿದವರಿಗೆ ದಂಡ, ಅದರಲ್ಲಿ ಅರ್ಧ ವಸೂಲಿ ಮಾಡಿದ ಅಧಿಕಾರಿಗೇ. ಬೆಟ್ಟದ ಮೇಲೆ ತಯಾರಾದ ಚೀಸ್ ಕೂಡ ಹಸುಗಳ ಲೆಕ್ಕದಲ್ಲೇ ಹಂಚಿಕೆ.

ಮರ ಕಡಿಯುವಾಗಲೂ ಅದೇ ನ್ಯಾಯ. ಗುರುತು ಹಾಕಿದ ಮರಗಳನ್ನಷ್ಟೇ ಕಡಿಯಬೇಕು. ಮನೆಗಳು ಗುಂಪುಗೂಡಿ ಸರಿಸಮ ದುಡಿದು, ಮರವನ್ನು ಸಮನಾದ ರಾಶಿಗಳಾಗಿ ಒಟ್ಟಿ, ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದವು.

ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಈ ಊರಿನ ಹಳೆಯ ದಾಖಲೆಗಳನ್ನು ಓದಿ, ಜನರ ಬದುಕನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಎಲ್ಲರ ಸ್ವತ್ತು ಹಾಳಾಗಲೇಬೇಕೆಂದಿಲ್ಲ ಎಂದು ವಾದಿಸಿದ ಎಲಿನಾರ್ ಆಸ್ಟ್ರಮ್, 1990ರ ತಮ್ಮ ಗ್ರಂಥದಲ್ಲಿ ತೊರ್ಬೆಲ್ ಅನ್ನೇ ಮುಖ್ಯ ಸಾಕ್ಷಿಗಳಲ್ಲೊಂದಾಗಿ ಮುಂದಿಟ್ಟರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು.