ಹಾಡುವ ಹುಡುಗರಿಗಾಗಿ ಒಬ್ಬ ಹೆಂಗಸಿನ ಹೋರಾಟ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನಲ್ಲಿ ಸಂಜೆ ಐದಕ್ಕೆ ಈವನ್‌ಸಾಂಗ್ ಪ್ರಾರ್ಥನೆ ಶುರುವಾಗುತ್ತದೆ. ಗಾಯಕರು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಕೆಥೀಡ್ರಲ್‌ನ ಮುಖ್ಯಸ್ಥರಾದ ಡೀನ್ ಕೂರುವ ದಕ್ಷಿಣದ ಸಾಲು ಡೆಕಾನಿ, ಉತ್ತರದ್ದು ಕ್ಯಾಂಟೋರಿಸ್. ಕೀರ್ತನೆಯ ಒಂದು ವಚನವನ್ನು ಈ ಸಾಲು ಹಾಡಿದರೆ ಮುಂದಿನದನ್ನು ಆ ಸಾಲು ಎತ್ತಿಕೊಳ್ಳುತ್ತದೆ. ಬೈಬಲ್ಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಗಳಿಗೆ ಹಂಚಿದ ಕ್ರಮ 16ನೇ ಶತಮಾನದ ಪ್ರಾರ್ಥನಾ ಪುಸ್ತಕದಿಂದ ಬಂದದ್ದು.

ಮೇಲಿನ ಸ್ವರ ಹಾಡುವವರು ಶಾಲಾಮಕ್ಕಳು. ಪಕ್ಕದ ವಸತಿಶಾಲೆಯಲ್ಲಿ ಅವರ ಬೆಳಗು ತಾಲೀಮಿನಿಂದಲೇ ಆರಂಭ. ಪಾಠ, ವಾದ್ಯಾಭ್ಯಾಸ, ಮತ್ತೆ ತಾಲೀಮು, ಆಮೇಲೆ ಪ್ರಾರ್ಥನೆ. ಕ್ರಿಸ್‌ಮಸ್ ದಿನವೂ ಹಾಡಿದ ಮೇಲೆಯೇ ಮನೆಗೆ. ಹೊಸಬರು ಹಳಬರ ಪಕ್ಕ ನಿಂತು, ಅವರು ಉಸಿರು ತೆಗೆದುಕೊಳ್ಳುವುದನ್ನು ನೋಡಿ ಕಲಿಯುತ್ತಾರೆ. ದನಿ ಒಡೆದ ದಿನ ಹುಡುಗನ ಸರದಿ ಮುಗಿಯಿತು.

ಹೀಗೆ ಮಕ್ಕಳಿಂದ ಮಕ್ಕಳಿಗೆ ದಾಟುವ ವಿದ್ಯೆ ಒಮ್ಮೆ ಕಡಿದುಹೋಗಿತ್ತು. 1640ರ ದಶಕದ ಅಂತರ್ಯುದ್ಧದಲ್ಲಿ, ಚರ್ಚಿನ ಸಂಗೀತಾಡಂಬರ ಒಪ್ಪದ ಪ್ಯೂರಿಟನ್ನರು ಗಾಯಕವೃಂದಗಳನ್ನು ಮುಚ್ಚಿಸಿದರು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಾಡಬಲ್ಲ ಹುಡುಗರೇ ಇರಲಿಲ್ಲ. ಅರಮನೆಯ ಚಾಪೆಲ್ ರಾಯಲ್‌ನಲ್ಲಿ ಅವರ ಪಾಲನ್ನು ಊದುವ ವಾದ್ಯಗಳೂ ಕಳ್ಳಕಂಠದ ಗಂಡಸರೂ ತುಂಬಬೇಕಾಯಿತು.

ಇಷ್ಟು ಬೇಕಾದವರಾಗಿದ್ದರೂ ಮಕ್ಕಳ ಯೋಗಕ್ಷೇಮ ಕೇಳುವವರು ಕಡಿಮೆ. ಟ್ಯೂಡರ್ ಕಾಲದಲ್ಲಿ ರಾಜಾಜ್ಞೆ ಹಿಡಿದು ಬಂದವರು ಇಂಪಾದ ದನಿಯ ಹುಡುಗರನ್ನು ಎಳೆದೊಯ್ಯಬಹುದಿತ್ತು. ಬೇಸಾಯದ ಬಗ್ಗೆ ಪದ್ಯ ಬರೆದ ಥಾಮಸ್ ಟಸ್ಸರ್ ಬಾಲ್ಯದಲ್ಲಿ ಹಾಗೆ ಸಿಕ್ಕಿಬಿದ್ದು, ಕೊನೆಗೆ ಸೇಂಟ್ ಪಾಲ್ಸ್ ಸೇರಿದವನು.

1810ರ ಸುಮಾರಿಗೆ ಮರಿಯಾ ಹ್ಯಾಕೆಟ್ ಎಂಬುವರ ಸಂಬಂಧಿ ಬಾಲಕನೊಬ್ಬ ಅದೇ ವೃಂದಕ್ಕೆ ಸೇರಿದ. ಅಲ್ಲಿನ ಮಕ್ಕಳಿಗೆ ಸಂಗೀತ ಬಿಟ್ಟರೆ ಓದು ಅಷ್ಟಕ್ಕಷ್ಟೆ. ರಾತ್ರಿಯ ಕಛೇರಿಗಳಿಗೆ ಅವರನ್ನು ಬಾಡಿಗೆಗೆ ಕಳಿಸುವುದೂ ಇತ್ತು. ಹ್ಯಾಕೆಟ್ ಹಳೆಯ ದಾಖಲೆಗಳನ್ನು ಕೆದಕಿದರು. ಮಕ್ಕಳ ಊಟ, ವಸತಿ, ವಿದ್ಯೆಗೆಂದೇ ಹಿಂದಿನವರು ಬಿಟ್ಟ ದತ್ತಿಗಳು ಅಲ್ಲಿ ಕಂಡವು. ಬಿಷಪ್‌ಗೆ, ಡೀನ್‌ಗೆ ಪತ್ರದ ಮೇಲೆ ಪತ್ರ ಬರೆದರು, ನ್ಯಾಯಾಲಯಕ್ಕೂ ಹೋದರು. ದೇಶದ ಕೆಥೀಡ್ರಲ್‌ಗಳನ್ನೆಲ್ಲ ಸುತ್ತಿ, ಅಲ್ಲಿನ ಹುಡುಗರ ಸ್ಥಿತಿಗತಿ ದಾಖಲಿಸಿ ಪುಸ್ತಕ ಪ್ರಕಟಿಸಿದರು. ಹೋದಲ್ಲೆಲ್ಲ ಪ್ರತಿ ಮಗುವಿನ ಕೈಗೆ ಒಂದು ಪುಸ್ತಕ, ಒಂದು ಹೊಸ ಶಿಲ್ಲಿಂಗ್.

ಅರ್ಧ ಶತಮಾನಕ್ಕೂ ಮಿಗಿಲಾಗಿ ನಡೆದ ಈ ಒತ್ತಾಯದ ಫಲ ಅವರ ಕೊನೆಗಾಲದಲ್ಲಿ ಕಂಡಿತು. 1872ರಲ್ಲಿ ಆರ್ಗನ್ ವಾದಕರಾಗಿ ಬಂದ ಜಾನ್ ಸ್ಟೇನರ್ ವೃಂದವನ್ನು ಹೊಸದಾಗಿ ಕಟ್ಟಿದರು; ಕಾರ್ಟರ್ ಲೇನ್‌ನಲ್ಲಿ ಮಕ್ಕಳಿಗೆಂದೇ ಶಾಲೆಯ ಕಟ್ಟಡ ಎದ್ದಿತು. ಹ್ಯಾಕೆಟ್ ತೀರಿಕೊಂಡದ್ದು 1874ರಲ್ಲಿ.

ಹೆಣ್ಣುಮಕ್ಕಳು ಮಾತ್ರ ಇನ್ನೂ ಬಹುಕಾಲ ಹೊರಗೇ ಉಳಿದರು. 1991ರಲ್ಲಿ ಸಾಲ್ಸ್‌ಬರಿ ಕೆಥೀಡ್ರಲ್ ಹುಡುಗಿಯರ ವೃಂದ ಕಟ್ಟಿ ದಾರಿ ತೆರೆಯಿತು. ಸೇಂಟ್ ಪಾಲ್ಸ್‌ನ ಸಾಲಿನಲ್ಲಿ ಹುಡುಗಿಯರು ಪೂರ್ಣ ಸದಸ್ಯರಾಗಿ ನಿಂತದ್ದು 2024ರಲ್ಲಿ. ಅಲ್ಲಿ ಹಾಡುವ ಮಕ್ಕಳ ಬೋಧನಾ ಶುಲ್ಕವನ್ನು ಈಗ ಕೆಥೀಡ್ರಲ್ಲೇ ಭರಿಸುತ್ತದೆ. ಹ್ಯಾಕೆಟ್ ಹಳೆಯ ದತ್ತಿಪತ್ರಗಳನ್ನು ಮುಂದಿಟ್ಟು ಕೇಳಿದ್ದೂ ಇಂಥದನ್ನೇ: ಹಾಡುವ ಮಗುವಿನ ಓದಿಗೆ ಹಾಡಿಸುವವರೇ ಹೊಣೆಯಾಗಲಿ ಎಂದು.