ಸಂಸದರ ಮತದಾಖಲೆ ಮತ್ತು ಸದನ ಚಟುವಟಿಕೆ

ಸಂಸತ್ತಿನ ಸದಸ್ಯರೊಬ್ಬರು ಸದನದ ಮುಂದೆ ಬಂದ ಮಸೂದೆ, ತಿದ್ದುಪಡಿ, ನಿರ್ಣಯಗಳ ಮೇಲೆ ಯಾವ ಕಡೆ ಮತ ಹಾಕಿದರು, ಎಷ್ಟು ದಿನ ಹಾಜರಿದ್ದರು, ಯಾವ ಸಚಿವಾಲಯವನ್ನು ಏನೆಂದು ಪ್ರಶ್ನಿಸಿದರು, ಯಾವ ಚರ್ಚೆಯಲ್ಲಿ ಏನು ಮಾತನಾಡಿದರು ಎಂಬುದನ್ನು ಅಧಿಕೃತ ಕಡತಗಳಿಂದ ಹೆಕ್ಕಿ, ಮತದಾರರು ಓದಬಹುದಾದ ರೂಪದಲ್ಲಿ ಹೆಸರುವಾರು ಜೋಡಿಸಿಡುವ ಕೆಲಸವು ಸಂಸದೀಯ ಪ್ರಜಾಪ್ರಭುತ್ವದಲ್ಲಿ ಹೊಣೆಗಾರಿಕೆಯ ಮುಖ್ಯ ಸಾಧನವಾಗಿದೆ. ಭಾರತದಲ್ಲಿ ಈ ದಾಖಲೆಯ ಎರಡು ಭಾಗಗಳು ಸಮನಾಗಿ ಬೆಳೆದಿಲ್ಲ. ಹಾಜರಿ, ಪ್ರಶ್ನೆ, ಚರ್ಚೆಗಳ ಲೆಕ್ಕ ಧಾರಾಳವಾಗಿ ಸಿಗುತ್ತದೆ. ಆದರೆ ಕಾನೂನು ಮಾಡಲೆಂದೇ ಆರಿಸಿ ಕಳುಹಿಸಿದ ಪ್ರತಿನಿಧಿ ಯಾವ ಕಾನೂನಿಗೆ ಒಪ್ಪಿದರು, ಯಾವುದಕ್ಕೆ ಒಪ್ಪಲಿಲ್ಲ ಎಂಬ ಮೂಲ ಪ್ರಶ್ನೆಗೆ ಬಹುತೇಕ ಸಂದರ್ಭಗಳಲ್ಲಿ ಹೆಸರು ಸಹಿತವಾದ ಉತ್ತರ ಸಿಗುವುದಿಲ್ಲ. ಇದಕ್ಕೆ ಕಾರಣ ಸದನದ ನಿಯಮಗಳಲ್ಲಿಯೇ ಇದೆ.

ಸಂವಿಧಾನದ 100ನೇ ವಿಧಿಯ ಪ್ರಕಾರ ಸದನದ ಮುಂದಿರುವ ವಿಷಯಗಳು ಹಾಜರಿದ್ದು ಮತ ಚಲಾಯಿಸುವ ಸದಸ್ಯರ ಬಹುಮತದಿಂದ ತೀರ್ಮಾನವಾಗುತ್ತವೆ; ಆ ಬಹುಮತವನ್ನು ತಿಳಿಯುವ ಬಗೆಯನ್ನು ಪ್ರತಿ ಸದನವೂ ತನ್ನ ಕಾರ್ಯವಿಧಾನ ನಿಯಮಗಳಲ್ಲಿ ಹೇಳಿಕೊಂಡಿದೆ. ಲೋಕಸಭೆಯ 367ನೇ ನಿಯಮದಂತೆ ಸ್ಪೀಕರ್ ಪ್ರಸ್ತಾವವನ್ನು ಸದನದ ಮುಂದಿಟ್ಟಾಗ ಪರವಾಗಿರುವವರು ‘ಹೌದು’ ಎಂದೂ ವಿರುದ್ಧವಾಗಿರುವವರು ‘ಇಲ್ಲ’ ಎಂದೂ ಕೂಗುತ್ತಾರೆ, ಸ್ಪೀಕರ್ ಆ ಕೂಗನ್ನು ಕೇಳಿ ಯಾವ ಕಡೆಗೆ ಬಹುಮತವಿದೆಯೆಂದು ತಮ್ಮ ಅಭಿಪ್ರಾಯವನ್ನು ಸಾರುತ್ತಾರೆ. ಇದೇ ಧ್ವನಿಮತ. ಯಾರೂ ಆಕ್ಷೇಪಿಸದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತದೆ; ಯಾರ ಹೆಸರೂ ಎಲ್ಲಿಯೂ ದಾಖಲಾಗುವುದಿಲ್ಲ. ಯಾರಾದರೂ ಆಕ್ಷೇಪಿಸಿದರೆ ಲಾಬಿಗಳನ್ನು, ಅಂದರೆ ಸದನದ ಹೊರಾವರಣವನ್ನು, ತೆರವುಗೊಳಿಸಲು ಸ್ಪೀಕರ್ ಆದೇಶಿಸಿ, ಮೂರೂವರೆ ನಿಮಿಷ ಕಳೆದ ಮೇಲೆ ಪ್ರಸ್ತಾವವನ್ನು ಎರಡನೆಯ ಸಲ ಮುಂದಿಡುತ್ತಾರೆ. ಆಗಲೂ ಆಕ್ಷೇಪ ಬಂದರೆ ಮಾತ್ರ ಮತಗಳನ್ನು ಒಂದೊಂದಾಗಿ ಎಣಿಸುವ ಮತವಿಭಜನೆ ನಡೆಯಬೇಕು. ಆದರೆ ಮತವಿಭಜನೆಯನ್ನು ಅನಗತ್ಯವಾಗಿ ಕೇಳಲಾಗಿದೆಯೆಂದು ಸ್ಪೀಕರ್ ಅವರಿಗೆ ಅನಿಸಿದರೆ, ಪರ ಮತ್ತು ವಿರುದ್ಧದ ಸದಸ್ಯರನ್ನು ಅವರವರ ಜಾಗದಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಿ ಫಲಿತಾಂಶ ಸಾರುವ ಅವಕಾಶವೂ ಅದೇ ನಿಯಮದಲ್ಲಿದ್ದು, ಹಾಗೆ ಮಾಡಿದಾಗ ಮತ ಹಾಕಿದವರ ಹೆಸರು ದಾಖಲಾಗುವುದಿಲ್ಲ. ಸಂಸದರ ಮತದಾಖಲೆ ತೆಳುವಾಗಿರುವುದರ ಗುಟ್ಟೆಲ್ಲ ಈ ಕೆಲವೇ ಸಾಲುಗಳಲ್ಲಿ ಅಡಗಿದೆ.

ಮತವಿಭಜನೆ ನಡೆದಾಗ ಹುಟ್ಟುವ ದಾಖಲೆಯನ್ನು ಹತ್ತಿರದಿಂದ ನೋಡುವುದು ಅಗತ್ಯ. ಪ್ರತಿ ಸದಸ್ಯರಿಗೂ ಒಂದು ವಿಭಜನಾ ಸಂಖ್ಯೆ ಗೊತ್ತುಮಾಡಿರುತ್ತಾರೆ. ತಮ್ಮ ಆಸನದಲ್ಲಿಯೇ ಕುಳಿತು, ಗಂಟೆ ಬಾರಿಸಿದಾಗ, ಪರವಾದರೆ ಹಸಿರು, ವಿರುದ್ಧವಾದರೆ ಕೆಂಪು, ತಟಸ್ಥವಾದರೆ ಹಳದಿ ಗುಂಡಿಯನ್ನು ಅವರು ಒತ್ತಬೇಕು. ಗುಂಡಿ ಕೆಲಸ ಮಾಡದಿದ್ದವರಿಗೆ, ತಪ್ಪು ಗುಂಡಿ ಒತ್ತಿದವರಿಗೆ, ಆಸನ ಇನ್ನೂ ನಿಗದಿಯಾಗದವರಿಗೆ ಅಧಿಕಾರಿಗಳು ಮುದ್ರಿತ ಚೀಟಿಗಳನ್ನು ಹಂಚುತ್ತಾರೆ. ಸದಸ್ಯರು ಅದರ ಮೇಲೆ ಹೆಸರು, ವಿಭಜನಾ ಸಂಖ್ಯೆ, ಕ್ಷೇತ್ರಗಳನ್ನು ಬರೆದು ಸಹಿ ಮಾಡಿ ಒಪ್ಪಿಸುತ್ತಾರೆ. ಆದ್ದರಿಂದಲೇ ಫಲಿತಾಂಶವನ್ನು ‘ತಿದ್ದುಪಡಿಗೆ ಒಳಪಟ್ಟು’ ಎಂಬ ಮಾತಿನೊಂದಿಗೆ ಪ್ರಕಟಿಸುವ ವಾಡಿಕೆಯಿದೆ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ವಿದ್ಯುನ್ಮಾನ ಮತಯಂತ್ರವನ್ನು ಮೊದಲ ಬಾರಿಗೆ ಬಳಸಿದ 2024ರ ಡಿಸೆಂಬರ್ 17ರಂದು, ಏಕಕಾಲಕ್ಕೆ ಚುನಾವಣೆ ನಡೆಸುವ ಸಂವಿಧಾನ ತಿದ್ದುಪಡಿ ಮಸೂದೆಯ ಮಂಡನೆಯ ಪ್ರಶ್ನೆಗೆ ಯಂತ್ರವು ತೋರಿಸಿದ್ದು ಪರ 220, ವಿರುದ್ಧ 149 ಮತಗಳನ್ನು. ಚೀಟಿಗಳನ್ನು ಸೇರಿಸಿದ ಮೇಲೆ ಅದು 269 ಮತ್ತು 198 ಆಯಿತು. ಹೀಗಾಗಿ ಚರ್ಚೆಗಳ ಅಧಿಕೃತ ಸಂಪುಟದಲ್ಲಿ ಹೆಸರುಪಟ್ಟಿಯ ಕೆಳಗೆ ಬರುವ, ಚೀಟಿಯ ಮೂಲಕ ಮತ ಹಾಕಿದವರ ಅಥವಾ ಮತವನ್ನು ತಿದ್ದಿಕೊಂಡವರ ಅಡಿಟಿಪ್ಪಣಿಯನ್ನು ಓದದೆ ಸದಸ್ಯರೊಬ್ಬರು ಮತದಾನಕ್ಕೆ ಗೈರಾಗಿದ್ದರೆಂದು ತೀರ್ಮಾನಿಸುವುದು ಅನ್ಯಾಯವಾಗುತ್ತದೆ.

ಸಂವಿಧಾನ ತಿದ್ದುಪಡಿಗೆ 368ನೇ ವಿಧಿಯಂತೆ ಒಟ್ಟು ಸದಸ್ಯಬಲದ ಬಹುಮತವೂ, ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೇ ಎರಡು ಭಾಗದ ಬೆಂಬಲವೂ ಬೇಕಾಗಿರುವುದರಿಂದ ಅಲ್ಲಿ ಎಣಿಕೆ ಅನಿವಾರ್ಯ. ಸಾಮಾನ್ಯ ಮಸೂದೆಗಳಿಗೆ ಆ ನಿರ್ಬಂಧವಿಲ್ಲ. ಆಂಧ್ರಪ್ರದೇಶವನ್ನು ವಿಭಜಿಸಿ ತೆಲಂಗಾಣ ರಾಜ್ಯವನ್ನು ರಚಿಸುವ ಮಸೂದೆ 2014ರ ಫೆಬ್ರವರಿ 18ರಂದು ಲೋಕಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳ ಮೇಲೆ ವಿರೋಧ ಪಕ್ಷಗಳು ಮತವಿಭಜನೆಗೆ ಒತ್ತಾಯಿಸಿದರೂ ಅವು ಧ್ವನಿಮತದಿಂದಲೇ ಅಂಗೀಕಾರವಾದವು. ಒಂದು ವರ್ಷಕ್ಕೂ ಹೆಚ್ಚು ಕಾಲದ ರೈತ ಚಳವಳಿಯ ನಂತರ 2021ರ ನವೆಂಬರ್ 29ರಂದು ಅವುಗಳನ್ನು ರದ್ದುಗೊಳಿಸುವ ಮಸೂದೆಗೂ ಚರ್ಚೆಯಿಲ್ಲದೆ ಒಪ್ಪಿಗೆ ದೊರೆಯಿತು. ಕೋಟ್ಯಂತರ ಕುಟುಂಬಗಳ ಬದುಕಿಗೆ ತಟ್ಟುವ ಕಾನೂನಿಗೆ ತಮ್ಮ ರಾಜ್ಯದ ಪ್ರತಿನಿಧಿಗಳಲ್ಲಿ ಯಾರು ಒಪ್ಪಿಗೆ ಕೊಟ್ಟರೆಂದು ತಿಳಿಯಲು ಹೊರಟ ರೈತನಿಗೆ ಸದನದ ಕಡತದಲ್ಲಿ ಹೆಸರುಪಟ್ಟಿ ಸಿಗದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ನಿಯಮದ ಪ್ರಕಾರ ನಡೆದದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಮತದಾರರ ತಿಳಿಯುವ ಹಕ್ಕಿನ ದೃಷ್ಟಿಯಿಂದ ನಷ್ಟವಂತೂ ನಿಶ್ಚಿತ. ಇದಕ್ಕೆ ಪ್ರತಿಯಾಗಿ ವಕ್ಫ್ ತಿದ್ದುಪಡಿ ಮಸೂದೆ 2025ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ 288–232, ರಾಜ್ಯಸಭೆಯಲ್ಲಿ 128–95 ಮತಗಳಿಂದ ಅಂಗೀಕಾರವಾಯಿತು. ಸಾಮಾನ್ಯ ಮಸೂದೆಗೂ ಎಣಿಕೆ ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ.

ಹೆಸರು ಸಿಕ್ಕಿದ ಮಾತ್ರಕ್ಕೆ ಮತದ ಅರ್ಥ ಸಿಕ್ಕಿದಂತಾಗುವುದಿಲ್ಲ. ಶಾಸನ ಸಭೆಗಳಲ್ಲಿ ಮಹಿಳಾ ಮೀಸಲಾತಿ ನೀಡುವ ಮಸೂದೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಮತಗಳಿಂದ ಅಂಗೀಕಾರವಾದಾಗ ವಿರುದ್ಧ ಬಿದ್ದದ್ದು ಎರಡೇ ಮತಗಳು. ಬರೀ ಪಟ್ಟಿಯನ್ನು ನೋಡಿದವರು ಆ ಇಬ್ಬರನ್ನು ಮಹಿಳಾ ಮೀಸಲಾತಿಯ ವಿರೋಧಿಗಳೆಂದು ಬರೆದುಕೊಳ್ಳಬಹುದು. ಆದರೆ ಹಿಂದುಳಿದ ವರ್ಗಗಳ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲಾತಿ ಇಲ್ಲವೆಂಬುದು ಅವರ ಆಕ್ಷೇಪವಾಗಿತ್ತೆಂಬುದು ಅದೇ ದಿನದ ಚರ್ಚೆಯನ್ನು ಓದಿದರೆ ಗೊತ್ತಾಗುತ್ತದೆ. ಅವರ ನಿಲುವನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು, ಆದರೆ ಮತವನ್ನು ಮಾತಿನಿಂದ ಬೇರ್ಪಡಿಸಿ ಪ್ರಕಟಿಸುವ ದಾಖಲೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಮತದ ಅರ್ಥವನ್ನು ಇನ್ನೂ ಹೆಚ್ಚು ಮಸುಕು ಮಾಡುವುದು ವಿಪ್. ಹೀಗೆಯೇ ಮತ ಹಾಕಬೇಕೆಂದು ಪಕ್ಷವು ತನ್ನ ಮುಖ್ಯ ಸಚೇತಕರ ಮೂಲಕ ಸದಸ್ಯರಿಗೆ ಕೊಡುವ ಲಿಖಿತ ಆದೇಶಕ್ಕೆ ಈ ಹೆಸರಿದೆ. 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಪೂರ್ವಾನುಮತಿಯಿಲ್ಲದೆ ವಿಪ್ ಮೀರಿ ಮತ ಹಾಕಿದ ಅಥವಾ ಮತದಾನದಿಂದ ದೂರ ಉಳಿದ ಸದಸ್ಯರನ್ನು ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದರೆ ಅವರು ಅನರ್ಹರಾಗುತ್ತಾರೆಂದು ಹೇಳುತ್ತದೆ. ಕಿಹೊಟೊ ಹೊಲ್ಲೊಹಾನ್ ಪ್ರಕರಣದ 1992ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತಾದರೂ, ಅನರ್ಹತೆಗೆ ಎಡೆಮಾಡುವ ಆದೇಶವು ಸರ್ಕಾರದ ಅಳಿವು ಉಳಿವಿನ ಮತದಾನಕ್ಕೆ ಅಥವಾ ಪಕ್ಷದ ಮೂಲ ನೀತಿ ಕಾರ್ಯಕ್ರಮಗಳಿಗೆ ಸಂಬಂಧಿಸಿರಬೇಕೆಂಬ ಸಂಕುಚಿತ ಅರ್ಥವನ್ನು ಸೂಚಿಸಿತು; ವಿಶ್ವಾಸಮತಕ್ಕೆ ಸೀಮಿತಗೊಳಿಸಬೇಕೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲಿಯೇ ಶಿಫಾರಸು ಮಾಡಿತ್ತು. ಆಚರಣೆಯಲ್ಲಿ ಪಕ್ಷಗಳು ಸಾಮಾನ್ಯ ಮಸೂದೆಗಳಿಗೂ ವಿಪ್ ಹೊರಡಿಸುತ್ತಲೇ ಬಂದಿವೆ. ಹೀಗಿರುವಾಗ ದಾಖಲೆಯಲ್ಲಿ ಕಾಣುವ ಮತವು ಬಹಳ ಸಲ ಸದಸ್ಯರದ್ದಲ್ಲ, ಪಕ್ಷದ್ದು.

ಆ ಕಟ್ಟು ಸಡಿಲಿದ ಅಪರೂಪದ ದಿನಗಳಲ್ಲಿ ಹೆಸರುಪಟ್ಟಿಗೆ ವಿಶೇಷ ಬೆಲೆ ಬರುತ್ತದೆ. ಅಮೆರಿಕದೊಂದಿಗಿನ ಅಣು ಒಪ್ಪಂದದ ವಿವಾದದಿಂದ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ 275–256 ಮತಗಳಿಂದ ವಿಶ್ವಾಸಮತ ಗೆದ್ದಿತು. ಅಂದು ಬೆಂಗಳೂರು ಉತ್ತರ ಕ್ಷೇತ್ರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ಪಕ್ಷದ ಆದೇಶವನ್ನು ಮೀರಿ ಸರ್ಕಾರದ ಪರ ಮತ ಹಾಕಿದರು, ಪಕ್ಷ ಅವರನ್ನು ಉಚ್ಚಾಟಿಸಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿದ್ದುಹೋದಾಗ, ಒಡಿಶಾದ ಮುಖ್ಯಮಂತ್ರಿಯಾಗಿದ್ದೂ ಲೋಕಸಭಾ ಸದಸ್ಯತ್ವವನ್ನು ಇನ್ನೂ ಬಿಟ್ಟುಕೊಡದಿದ್ದ ಗಿರಿಧರ್ ಗಮಾಂಗ್ ಅವರ ಮತ ದೇಶದ ಚರ್ಚೆಗೆ ಗುರಿಯಾಯಿತು.

ಬೇರೆ ದೇಶಗಳಲ್ಲಿ ಈ ದಾಖಲೆ ಹೆಚ್ಚು ಗಟ್ಟಿಯಾಗಿದೆ. ಅಮೆರಿಕದ ಸಂವಿಧಾನವು ಹಾಜರಿರುವ ಸದಸ್ಯರಲ್ಲಿ ಐದನೇ ಒಂದು ಭಾಗ ಕೇಳಿದರೆ ಪರ ವಿರುದ್ಧದ ಹೆಸರುಗಳನ್ನು ಕಡತದಲ್ಲಿ ಬರೆಯಲೇಬೇಕೆಂದು ವಿಧಿಸಿದೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 1836ರಿಂದ ಮತವಿಭಜನೆಯ ಪಟ್ಟಿಗಳನ್ನು ಅಧಿಕೃತವಾಗಿ ಪ್ರಕಟಿಸುತ್ತಿದ್ದು, 2004ರಲ್ಲಿ ಆರಂಭವಾದ ‘ದೇ ವರ್ಕ್ ಫಾರ್ ಯೂ’ ಎಂಬ ಜಾಲತಾಣ ಆ ಪಟ್ಟಿಗಳನ್ನು ಬಳಸಿ ಪ್ರತಿ ಸಂಸದರ ನಿಲುವನ್ನು ವಿಷಯವಾರು ತೋರಿಸುತ್ತದೆ. ಅಲ್ಲಿ ವಿಪ್ ಮೀರಿದವರು ಪಕ್ಷದ ಶಿಸ್ತುಕ್ರಮಕ್ಕೆ ಒಳಗಾಗಬಹುದೇ ಹೊರತು ಸ್ಥಾನ ಕಳೆದುಕೊಳ್ಳುವುದಿಲ್ಲ. ಅಲ್ಲದೆ ವಾಸಿಯಾಗದ ರೋಗಿಗಳಿಗೆ ಸಾಯಲು ನೆರವು ನೀಡುವ ಮಸೂದೆಯಂಥ ಆತ್ಮಸಾಕ್ಷಿಯ ವಿಷಯಗಳಿಗೆ ವಿಪ್ ಇರುವುದೂ ಇಲ್ಲ. 2024ರ ನವೆಂಬರ್ 29ರಂದು ಆ ಮಸೂದೆಯ ಎರಡನೇ ವಾಚನ 330–275ರಲ್ಲಿ ಗೆದ್ದಾಗ ಪಟ್ಟಿಯ ಒಂದೊಂದು ಹೆಸರೂ ಆ ವ್ಯಕ್ತಿಯ ಸ್ವಂತ ತೀರ್ಮಾನವನ್ನು ಹೇಳುತ್ತಿತ್ತು.

ಭಾರತದಲ್ಲಿ ಮತದಾಖಲೆಯ ಖಾಲಿ ಜಾಗವನ್ನು ತುಂಬಿರುವುದು ಚಟುವಟಿಕೆಯ ಅಂಕಿಗಳು. ನವದೆಹಲಿಯಲ್ಲಿ 2005ರಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ ಉಭಯ ಸದನಗಳ ಅಧಿಕೃತ ಕಡತಗಳಿಂದ ಪ್ರತಿ ಸಂಸದರ ಹಾಜರಿ, ಪ್ರಶ್ನೆ, ಚರ್ಚೆ, ಖಾಸಗಿ ಸದಸ್ಯರ ಮಸೂದೆಗಳ ಲೆಕ್ಕವನ್ನು ರಾಜ್ಯದ ಮತ್ತು ದೇಶದ ಸರಾಸರಿಯೊಂದಿಗೆ ಕೊಡುತ್ತದೆ. ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರ ‘ಸಾಧನೆ’ಯ ಬಗ್ಗೆ ಚುನಾವಣೆ ಹೊತ್ತಿಗೆ ಪತ್ರಿಕೆಗಳಲ್ಲಿ ಬರುವ ಪಟ್ಟಿಗಳಿಗೂ ಇಂಥ ಲೆಕ್ಕವೇ ಆಧಾರ. ಈ ಅಂಕಿಗಳು ನಿಜ, ಆದರೆ ಒಂದೊಂದಕ್ಕೂ ಒಂದು ಮಿತಿಯಿದೆ. ಹಾಜರಿಯೆಂದರೆ ಸದಸ್ಯರು ಆ ದಿನ ತಮ್ಮ ಹಾಜರಿಯನ್ನು ನಮೂದಿಸಿದರು ಎಂದಷ್ಟೇ. ಹತ್ತು ನಿಮಿಷ ಕುಳಿತು ಹೊರಟವರಿಗೂ ರಾತ್ರಿಯವರೆಗೆ ಕುಳಿತವರಿಗೂ ಅದು ಒಂದೇ. ಸಚಿವರು, ಸ್ಪೀಕರ್, ವಿರೋಧ ಪಕ್ಷದ ನಾಯಕರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಸಚಿವರು ಪ್ರಶ್ನೆ ಕೇಳುವುದೂ ಇಲ್ಲವಾದ್ದರಿಂದ ಅವರ ಹೆಸರಿನ ಮುಂದೆ ಕಾಣುವ ಖಾಲಿ ಜಾಗವನ್ನು ನಿಷ್ಕ್ರಿಯತೆಯೆಂದು ಓದಬಾರದು.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕು, ಅದಕ್ಕೆ ಉಪಪ್ರಶ್ನೆಗಳನ್ನೂ ಕೇಳಬಹುದು; ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230. ಬಂದ ಸೂಚನೆಗಳಲ್ಲಿ ಯಾವುವು ಪಟ್ಟಿಗೆ ಸೇರುತ್ತವೆಂಬುದು ಲಾಟರಿಯಿಂದ ನಿರ್ಧಾರವಾಗುವುದರಿಂದ ಸಂಖ್ಯೆಯಲ್ಲಿ ಅದೃಷ್ಟದ ಪಾಲೂ ಇದೆ. ಪ್ರಶ್ನೆಗಳ ಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಳ್ಳುವುದರ ಅಪಾಯವನ್ನು 2005ರ ಪ್ರಕರಣ ಬಯಲಿಗೆ ತಂದಿತು: ಪ್ರಶ್ನೆ ಕೇಳಲು ಹಣ ಪಡೆದದ್ದು ರಹಸ್ಯ ಕ್ಯಾಮೆರಾದಲ್ಲಿ ದಾಖಲಾಗಿ, ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಉಚ್ಚಾಟಿಸಲಾಯಿತು. ಎಣಿಕೆಯ ಪಟ್ಟಿಯಲ್ಲಿ ಅಂಥ ಪ್ರಶ್ನೆಗೂ ಬರಪೀಡಿತ ತಾಲ್ಲೂಕಿನ ಕುಡಿಯುವ ನೀರಿನ ಬಗ್ಗೆ ಕೇಳಿದ ಪ್ರಶ್ನೆಗೂ ಒಂದೊಂದೇ ಅಂಕ.

ಚರ್ಚೆಯ ಸಮಯವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುವುದರಿಂದ ಸಣ್ಣ ಪಕ್ಷಗಳವರಿಗೂ ಪಕ್ಷೇತರರಿಗೂ ಸಿಗುವುದು ಕೆಲವೇ ನಿಮಿಷ. ಭಾಷೆಯೂ ಹುಡುಕಾಟಕ್ಕೆ ತೊಡಕಾಗುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರೆಂದು ಪ್ರಸಿದ್ಧರು. 120ನೇ ವಿಧಿಯು ಹಿಂದಿ, ಇಂಗ್ಲಿಷ್ ಬಾರದ ಸದಸ್ಯರು ಸಭಾಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಲು ಅವಕಾಶ ಕೊಡುತ್ತದೆ. ಆದರೆ ಹಾಗೆ ಆಡಿದ ಮಾತು ನಡಾವಳಿಯಲ್ಲಿ ‘ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ’ ಎಂಬ ಟಿಪ್ಪಣಿಯೊಂದಿಗೆ ಅಚ್ಚಾಗುವುದರಿಂದ, ಸದಸ್ಯರು ಆಡಿದ ಕನ್ನಡದ ನುಡಿಯನ್ನೇ ಹುಡುಕುವವರಿಗೆ ಅಲ್ಲಿ ಅದು ದೊರೆಯುವುದಿಲ್ಲ. ಶುಕ್ರವಾರದ ಕೊನೆಯ ಎರಡೂವರೆ ಗಂಟೆಗೆ ಮೀಸಲಾದ ಖಾಸಗಿ ಸದಸ್ಯರ ಮಸೂದೆ, ಅಂದರೆ ಸಚಿವರಲ್ಲದವರು ತರುವ ಮಸೂದೆ, ಕಾನೂನಾದದ್ದು 1970ರಲ್ಲೇ ಕೊನೆ; ಆದರೂ ತಿರುಚ್ಚಿ ಶಿವ ಅವರ ತೃತೀಯ ಲಿಂಗಿಗಳ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿದ್ದು, ಕಾನೂನಾಗದ ಮಸೂದೆಯೂ ಸರ್ಕಾರದ ಮೇಲೆ ಒತ್ತಡ ತರಬಲ್ಲದೆಂದು ತೋರಿಸಿತು.

ಸಂಸದರ ಅತಿ ಶ್ರಮದ ಕೆಲಸ ನಡೆಯುವುದು ಸಮಿತಿಗಳಲ್ಲಿ, ಮುಚ್ಚಿದ ಬಾಗಿಲೊಳಗೆ. ಇಲಾಖೆಗಳಿಗೆ ಹೊಂದಿಕೊಂಡ 24 ಸ್ಥಾಯಿ ಸಮಿತಿಗಳಿದ್ದು, ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಅಲ್ಲಿ ಪಕ್ಷದ ವಿಪ್ ನಡೆಯದು, ಕ್ಯಾಮೆರಾ ಇರದು. ಆದ್ದರಿಂದಲೇ ಅಧಿಕಾರಿಗಳನ್ನು ಪಟ್ಟುಹಿಡಿದು ಪ್ರಶ್ನಿಸುವ ಸದಸ್ಯರ ಶ್ರಮ ಸಾಮಾನ್ಯ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಯಾವ ಸಭೆಗೆ ಯಾರು ಬಂದಿದ್ದರೆಂಬುದು ವರದಿಗೆ ಲಗತ್ತಿಸಿದ ನಡಾವಳಿ ಪುಟಗಳಲ್ಲಿ ಇರುತ್ತದೆ. ಸಮಿತಿಯ ಬಹುಪಾಲಿನ ಅಭಿಪ್ರಾಯವನ್ನು ಒಪ್ಪದ ಸದಸ್ಯರು ಬರೆದುಕೊಡುವ ಭಿನ್ನಮತದ ಟಿಪ್ಪಣಿಯೂ ವರದಿಯೊಂದಿಗೇ ಅಚ್ಚಾಗುತ್ತದೆ. ಸದನದಲ್ಲಿ ಧ್ವನಿಮತದಿಂದ ಸಾಗಿಹೋದ ಮಸೂದೆಯ ಬಗ್ಗೆ ಸಂಸದರೊಬ್ಬರ ನಿಲುವನ್ನು ಅವರದೇ ಹೆಸರಿನಡಿ, ಕಾರಣಗಳ ಸಮೇತ ಓದಲು ಹಲವು ಸಂದರ್ಭಗಳಲ್ಲಿ ಉಳಿಯುವ ಲಿಖಿತ ಆಧಾರ ಈ ಟಿಪ್ಪಣಿಯೇ.