ಹೇರು ಬಿದ್ದ ಗಾಡಿ

ಕುಂಬಾರವಾಡದ ಚಹಾದಂಗಡಿಯ ಬೆಂಚಿನಲ್ಲಿ ಹಳೆಯ ಲಾರಿಗಳ ಮಾತು ಶುರುವಾದರೆ ಬೇಗ ಮುಗಿಯುವುದಿಲ್ಲ. ಜೊಯಿಡಾ, ದಾಂಡೇಲಿ ಕಾಡಿನ ದಾರಿಗಳಲ್ಲಿ ಆಯುಷ್ಯವಿಡೀ ಸ್ಟಿಯರಿಂಗ್ ತಿರುಗಿಸಿದವರು ಕೂಡುವ ಜಾಗ ಅದು. ಮೂತಿ ಮುಂದೆ ಚಾಚಿದ ಟಾಟಾ-ಮರ್ಸಿಡಿಸ್, ಲೇಲ್ಯಾಂಡ್ ಕಾಮೆಟ್, ಪರ್ಕಿನ್ಸ್ ಎಂಜಿನ್ನಿನ ಫಾರ್ಗೋ ಒಂದರ ಹಿಂದೊಂದು ಮಾತಿನಲ್ಲಿ ಹಾದು ಹೋಗುತ್ತವೆ. ಅಂಥದೊಂದು ಹೊತ್ತಿನಲ್ಲಿ ಹಿರಿಯ ಡ್ರೈವರೊಬ್ಬರು ತಮ್ಮ ಹಳೆಯ ಗಾಡಿಯ ಬಗ್ಗೆ ಹೇಳಿದರು: “ಖಾಲಿ ಇದ್ದಾಗ ಕುಣೀತಿತ್ತು, ಹೇರು ಬಿತ್ತಂದ್ರ ಭೂಮಿ ಹಿಡಕೊಂಡು ಹೊಂಟಬಿಡತಿತ್ತು.” ಪಕ್ಕದಲ್ಲಿದ್ದ ಕಾಲೇಜು ಹುಡುಗ ಕೇಳಿದ: “ಹೇರೂದಂದ್ರ ಒತ್ತಾಯ ಮಾಡೂದಲ್ಲೇನ್ರಿ ಅಜ್ಜಾರ?”

ಹುಡುಗನದು ತಪ್ಪಲ್ಲ. ಅವನು ಓದುವ ಪತ್ರಿಕೆಯಲ್ಲಿ ತೆರಿಗೆ ಹೇರುತ್ತಾರೆ, ನಿರ್ಬಂಧ ಹೇರುತ್ತಾರೆ, ಕರ್ಫ್ಯೂ ಹೇರುತ್ತಾರೆ. ಭತ್ತದ ಚೀಲವನ್ನು ಮಾತ್ರ ಯಾರೂ ಹೇರುವುದಿಲ್ಲ. ಅದು ‘ಲೋಡ್’ ಆಗುತ್ತದೆ. ಮೊಬೈಲಿನಲ್ಲಿ ಫೋಟೊ ಲೋಡ್ ಆಗುತ್ತದೆ, ಕಚೇರಿಯಲ್ಲಿ ಕೆಲಸದ ಲೋಡ್ ಹೆಚ್ಚಾಗುತ್ತದೆ, ಬೇಸಿಗೆಯಲ್ಲಿ ಕರೆಂಟಿಗೂ ಲೋಡ್ ಬೀಳುತ್ತದೆ. ಇಷ್ಟೆಲ್ಲಕ್ಕೆ ಒಂದೇ ಪದ ಸಾಕಾಗಿರುವಾಗ ‘ಹೇರು’ ತನ್ನ ಒಳ್ಳೆಯ ಕೆಲಸಗಳನ್ನೆಲ್ಲ ಬಿಟ್ಟುಕೊಟ್ಟು, ದಬ್ಬಾಳಿಕೆಯ ಸುದ್ದಿಗೆ ಮಾತ್ರ ಕರೆ ಬರುವ ಪದವಾಗಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವೇನೂ ಇರಲಿಲ್ಲ. ಮನುಷ್ಯನ ತಲೆಯ ಮೇಲಿದ್ದರೆ ಹೊರೆ, ಎತ್ತಿನ ಬೆನ್ನಿನ ಮೇಲೋ ಬಂಡಿಯ ಮೇಲೋ ಇದ್ದರೆ ಹೇರು. ಹುಲ್ಲಿನ ಹೊರೆ, ಉಪ್ಪಿನ ಹೇರು. ಹೇರು ಹೊರುವ ಎತ್ತಿಗೆ ಹೇರೆತ್ತು ಎಂದೇ ಹೆಸರು. ಘಟ್ಟದ ಮೇಲಿನ ದವಸ ಕೆಳಗಿಳಿದದ್ದು, ಕರಾವಳಿಯ ಉಪ್ಪು ಮೇಲೇರಿದ್ದು ಶತಮಾನಗಳ ಕಾಲ ಈ ಎತ್ತುಗಳ ಬೆನ್ನಿನ ಮೇಲೆ. ಲಂಬಾಣಿಗರ ಬದುಕೇ ಅದರ ಮೇಲೆ ನಿಂತಿತ್ತು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ ಹೇರಿನ ಮಹತ್ವ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆ ಹತ್ತಿ ವ್ಯಾಪಾರದ ಒತ್ತಡವಿತ್ತು.

ಇನ್ನೊಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಳಗನ್ನಡದಲ್ಲಿ ಈ ಪದ ಪೇಱು. ಈಗ ವರ್ಣಮಾಲೆಯಿಂದ ಬಿದ್ದುಹೋಗಿರುವ ಆ ‘ಱ’ ಅಕ್ಷರಕ್ಕೆ ವ್ಯಾಕರಣದಲ್ಲಿ ಶಕಟರೇಫ ಎಂದು ಹೆಸರು. ಶಕಟವೆಂದರೆ ಬಂಡಿ, ತೆಲುಗಿನವರು ಇದನ್ನು ಬಂಡಿ ‘ರ’ ಎಂದೇ ಕರೆಯುತ್ತಾರೆ. ಬಂಡಿಯ ಮೇಲೆ ಹೋಗುವ ಸರಕಿನ ಹೆಸರನ್ನು ಬಂಡಿಯ ಅಕ್ಷರದಲ್ಲೇ ಬರೆಯುತ್ತಿದ್ದರು! ಅಕ್ಷರ ಹೋಯಿತು, ಪದ ಸಾದಾ ‘ರ’ಕಾರಕ್ಕೆ ಬಂತು.

ಆ ಬದಲಾವಣೆಯಲ್ಲೇ ಈ ಅಂಕಣದ ಪ್ರೀತಿಯ ಸಿದ್ಧಾಂತವೊಂದು ಅಡಗಿದೆ. ‘ಹೇರಳ’ ಎಂಬ ಪದವನ್ನು ಪಂಡಿತರು ದೊಡ್ಡದು ಎಂಬರ್ಥದ ‘ಪೇರ್’ ಕಡೆಗೆ ಒಯ್ಯುತ್ತಾರೆ. ಹಳಗನ್ನಡದ ಪೇರಡವಿ, ಅಂದರೆ ಮಹಾ ಕಾಡು, ಅದೇ ಮನೆತನದ್ದು. ಇರಬಹುದು. ಆದರೆ ಎರಡು ‘ರ’ಗಳೂ ಒಂದಾದ ಮೇಲೆ ಜನರ ಕಿವಿ ಸುಮ್ಮನೆ ಕೂತಿರಲಾರದು. ಹೇರು ಹೇರಾಗಿ ಬಂದು ಬಿದ್ದದ್ದೇ ಹೇರಳ ಎಂದು ಸಂತೆಯಲ್ಲಿ ನಿಂತವನಿಗೆ ಅನ್ನಿಸದೆ ಇದ್ದೀತೆ? ಒಂದು ಪದ ಬದುಕುವುದು ಬೇರಿನಿಂದಷ್ಟೇ ಅಲ್ಲ, ನೆರೆಹೊರೆಯಿಂದಲೂ. ಹೇರಳವೆಂಬ ಮಾತಿಗೆ ಇಂದಿಗೂ ಇರುವ ತೂಕ ಹೇರಿನಿಂದ ಬಂದದ್ದು ಎಂದೇ ಈ ಅಂಕಣದ ವಾದ.

ಜೊಯಿಡಾದ ಪೇರಡವಿಗೆ ಲಾರಿಗಳು ದಂಡಿಯಾಗಿ ಬಂದದ್ದು ಸ್ವಾತಂತ್ರ್ಯದ ನಂತರ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ದಾಂಡೇಲಿಯಲ್ಲಿ ಕಾಗದ ಮಾಡತೊಡಗಿದಾಗ ಅದಕ್ಕೆ ಬೇಕಾದದ್ದು ಬಿದಿರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೇಶದಲ್ಲಿ ಡೀಸೆಲ್ ಲಾರಿಯೂ ಕಾಲೂರಿತು. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಿತು. 1955ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಡೈಮ್ಲರ್-ಬೆಂಝ್ ಒಪ್ಪಂದ 1969ರಲ್ಲಿ ಮುಗಿದಾಗ ಲಾರಿಯ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ನಕ್ಷತ್ರವಿದ್ದ ಗಾಡಿ ಓಡಿಸಿದವರು ಆ ಮಾತನ್ನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ.

ಹೇರಿನ ಮಜಾ ತಿಳಿಯಬೇಕಾದರೆ ಬಿದಿರು ಮತ್ತು ಮ್ಯಾಂಗನೀಸ್ ಎರಡನ್ನೂ ಸಾಗಿಸಿದ ಡ್ರೈವರನ್ನು ಮಾತನಾಡಿಸಬೇಕು. ಬಿದಿರು ಹಗುರ, ಆದರೆ ಜಾಗ ನುಂಗುತ್ತದೆ. ಕ್ಯಾಬಿನ್ನಿಗಿಂತ ಮೇಲೇರಿ, ಹಿಂದೆ ಬಾಡಿಯಾಚೆ ಚಾಚಿ, ತಿರುವಿನಲ್ಲಿ ಮರದ ಕೊಂಬೆಗೆ ತಾಗುತ್ತದೆ. ದಾಂಡೇಲಿಯ ಫೆರೊಮ್ಯಾಂಗನೀಸ್ ಕಾರ್ಖಾನೆಗೆ ಹೋಗುತ್ತಿದ್ದ ಅದಿರು ಹಾಗಲ್ಲ. ಬಾಡಿಯ ತಳ ಮುಚ್ಚುವಷ್ಟು ಹಾಕಿದರೂ ಸಾಕು, ಪಾಟಾಗಳು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನುಗಳು, ನೇರವಾಗಿಬಿಡುತ್ತವೆ. ನೋಡಿದವರಿಗೆ ಒಂದು ಗಾಡಿ ತುಂಬಿ ತುಳುಕುತ್ತದೆ, ಇನ್ನೊಂದು ಅರೆ ಖಾಲಿ. ಹೇರು ಮಾತ್ರ ಎರಡರಲ್ಲೂ ಪೂರ್ತಿ. ಕಣ್ಣಳತೆಗೆ ಸಿಗದ ಈ ಲೆಕ್ಕವನ್ನು ಹಿಂದಿನ ಗಾಲಿ ಕೂತ ಬಗೆ ನೋಡಿಯೇ ಹೇಳುವವರಿದ್ದರು.

ಖಾಲಿ ಗಾಡಿ ಕುಣಿಯುವುದಕ್ಕೂ ಕಾರಣವಿದೆ. ಪಾಟಾ ತಯಾರಾಗುವುದೇ ಪೂರ್ತಿ ಹೇರು ತಡೆಯಲಿಕ್ಕೆ. ಮೇಲೆ ತೂಕವಿಲ್ಲದಾಗ ಅದು ಬಾಗುವುದೇ ಇಲ್ಲ. ರಸ್ತೆಯ ಪ್ರತಿ ಗುಂಡಿ ಡ್ರೈವರನ ಬೆನ್ನಿಗೆ ಬರುತ್ತದೆ. ಎಂಜಿನ್ನಿನದೂ ಇದೇ ಸ್ವಭಾವ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಡ. ಗಾಳಿಯನ್ನು ಹಿಂಡಿ ಹಿಂಡಿ ಕಾಯಿಸಿದಾಗ ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಎಷ್ಟು ಎಣ್ಣೆ ಬೀಳಬೇಕೆಂದು ತೀರ್ಮಾನಿಸುವುದು ಪಂಪು ಮತ್ತು ಅದರ ಗವರ್ನರ್: ಹೇರು ಹೆಚ್ಚಿ ಎಂಜಿನ್ ಬಸವಳಿದರೆ ಹೆಚ್ಚು, ಹಗುರಾದರೆ ಕಡಿಮೆ. ಆ ಪಂಪಿನ ಹೆಸರು ಬಹುಕಾಲ ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯದು. ನಿಂತಲ್ಲಿ ಕಟಕಟ ಎನ್ನುವ ಎಂಜಿನ್ ಏರು ಹತ್ತುವಾಗ ದಪ್ಪ ದನಿಗೆ ತಿರುಗುತ್ತದಲ್ಲ, ಅದನ್ನು ನೆನೆಯುವಾಗ ಕುಂಬಾರವಾಡದ ಬೆಂಚಿನಲ್ಲಿ ಕೂತವರ ಮುಖ ಅರಳುತ್ತದೆ.

ಇಲ್ಲಿಗೆ ಒಂದು ಗಾದೆಯನ್ನು ಕರೆತರಲೇಬೇಕು: ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸಮ್ಮಿಶ್ರ ಸರಕಾರದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಇದನ್ನು ಬಳಸಿ ಸವೆಸಿವೆ. ಗಂಡಹೆಂಡಿರ ಜಗಳಕ್ಕೂ ಇದೇ ಬೀಳುತ್ತದೆ. ಗಾದೆ ಕಟ್ಟಿದವನು ಮಾತ್ರ ಕೆರೆ ಏರಿಯ ಮೇಲೆ ಬಂಡಿ ಹೊಡೆದವನು. ಕೋಣದ ಮೈಯಲ್ಲಿ ಬೆವರುವ ಶಕ್ತಿ ಕಡಿಮೆ, ಚರ್ಮ ಕಪ್ಪು, ಬಿಸಿಲು ತಡೆಯದು. ನೀರು ಕಂಡರೆ ಅದು ಇಳಿಯಲೇಬೇಕು. ಎತ್ತಿಗೆ ಆ ತೊಂದರೆಯಿಲ್ಲ. ಎರಡನ್ನೂ ಒಂದೇ ನೊಗಕ್ಕೆ ಹೂಡಿದವನಿಗೆ ಮಧ್ಯಾಹ್ನ ಆಗುವುದೇ ಈ ಫಜೀತಿ. ಎಲ್ಲರೂ ಮರೆಯುವುದು ಗಾದೆಯೊಳಗಿನ ಮಾತಾಡದ ಪದವನ್ನು. ಬಂಡಿ ಖಾಲಿಯಿದ್ದರೆ ಎತ್ತು ಅತ್ತ, ಕೋಣ ಇತ್ತ ಎಳೆದರೇನಾಯಿತು, ಇಳಿದು ಹಗ್ಗ ಜಗ್ಗಿದರೆ ಸರಿಹೋಗುತ್ತದೆ. ಮೇಲೆ ಹೇರು ಇದ್ದಾಗ ಮಾತ್ರ ಬಂಡಿ ಮಗುಚುತ್ತದೆ. ಗಾದೆಯ ಭಯವೆಲ್ಲ ಹೇರಿನದು.

ಕುಂಬಾರವಾಡದಿಂದ ಅಣಶಿ ಘಟ್ಟ ಇಳಿದು ಕದ್ರಾದ ಕಡೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತುವಾಗ ಎಂಜಿನ್ ಮೇಲಕ್ಕೆಳೆದರೆ ಹೇರು ಕೆಳಕ್ಕೆಳೆಯುತ್ತದೆ. ಇಳಿಯುವಾಗ ಹೇರೇ ಹಿಂದಿನಿಂದ ನೂಕುತ್ತದೆ, ಎಂಜಿನ್ ಅದನ್ನು ತಡೆದು ಹಿಡಿಯಬೇಕು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳಬರ ಕಟ್ಟುನಿಟ್ಟು. ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಬಿಟ್ಟವನು ಬ್ರೇಕೊಂದನ್ನೇ ನಂಬಬೇಕಾಗುತ್ತದೆ. ಅದು ಕಾದು ಹಿಡಿತ ಬಿಟ್ಟರೆ ಮುಂದೆ ಕಣಿವೆ.

ಹಾಗಾದರೆ ‘ಹೇರಿಕೆ’ ಎಂಬ ಪದ ತಪ್ಪೇ? ಖಂಡಿತ ಅಲ್ಲ, ಅದು ಒಳ್ಳೆಯ ಖಾರದ ಪದ. ಭಾಷೆಯೊಂದನ್ನು ಹೇರಬೇಡಿ ಎನ್ನುವವನು ‘ನಾನು ಮನುಷ್ಯ, ಹೇರೆತ್ತಲ್ಲ’ ಎಂದೇ ಹೇಳುತ್ತಿದ್ದಾನೆ. ಹೊರೆಯನ್ನಾದರೆ ಮನುಷ್ಯ ತಾನೇ ಎತ್ತಿ ತಲೆಗಿಟ್ಟುಕೊಂಡಾನು. ಹೇರನ್ನು ಎತ್ತಿನ ಮೇಲೆ ಇನ್ನೊಬ್ಬರು ಹಾಕುತ್ತಾರೆ. ಪದದ ಸಿಟ್ಟಿರುವುದು ಅಲ್ಲಿ. ಎತ್ತನ್ನೂ ಬಂಡಿಯನ್ನೂ ಲಾರಿಯನ್ನೂ ಮರೆತವನ ಬಾಯಲ್ಲಿ ಆ ಸಿಟ್ಟು ಸಪ್ಪೆಯಾಗುತ್ತದೆ. ಹೇರಿಕೆಯನ್ನು ದಿನಕ್ಕೆ ಹತ್ತು ಸಲ ಅಚ್ಚು ಹಾಕುವ ಪತ್ರಿಕೆಗಳು ‘ಲಾರಿಯಲ್ಲಿ ಬಿದಿರು ಹೇರಲಾಗಿತ್ತು’ ಎಂದು ಒಮ್ಮೆಯಾದರೂ ಬರೆಯಬಾರದೇಕೆ? ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ ಕೇಂದ್ರ ಸರಕಾರ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಆ ಮಿತಿ ಮೀರಿದ್ದನ್ನು ಆರ್‌ಟಿಓ ಕಾಗದ ‘ಅಧಿಕ ಭಾರ’ ಎನ್ನುತ್ತದೆ, ರಸ್ತೆಯ ಜನ ‘ಓವರ್‌ಲೋಡ್’ ಎನ್ನುತ್ತಾರೆ. ‘ಮಿತಿಮೀರಿದ ಹೇರು’ ಎಂದರೆ ದಂಡವೇನೂ ಕಡಿಮೆಯಾಗದು, ಆದರೆ ಕನ್ನಡ ಉಳಿಯುತ್ತದೆ.

ಪದ ಇನ್ನೂ ಪೂರ್ತಿ ಹೋಗಿಲ್ಲ. ಮಾಘದಲ್ಲಿ ಚೆನ್ನಬಸವಣ್ಣನ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ದಿನಗಟ್ಟಲೆ ನಡೆದು ಈ ಕಾಡಿಗೆ ಬರುತ್ತವೆ. ಮೇವು, ಬುತ್ತಿ, ಹಾಸಿಗೆ, ಮಕ್ಕಳು ಎಲ್ಲವನ್ನೂ ತುಂಬಿಕೊಂಡ ಗಾಡಿ ಹೊಡೆಯುವವರಿಗೂ ಬಿದಿರಿನ ಲಾರಿ ಓಡಿಸಿದವರಿಗೂ ಸಮಾನವಾದ ಶಬ್ದಸಂಪತ್ತಿದೆ: ಹೇರು ಕಟ್ಟುವುದು, ಹೇರು ಬಿಗಿಯುವುದು, ಹೇರು ವಾಲುವುದು, ಹೇರು ಇಳಿಸುವುದು. ನಿಘಂಟು ಮಾಡುವವರು ಒಂದು ಟಿಪ್ಪಣಿ ಪುಸ್ತಕ ಹಿಡಿದು ಆ ವಾರ ಇತ್ತ ಬರಲಿ. ಬಿದಿರಿನ ಲಾರಿ ಓಡಿಸಿದವರಿಗೆ ಈಗ ವಯಸ್ಸಾಗಿದೆ. ಚಕ್ಕಡಿಯವರು ಸಿಗದಿದ್ದರೆ ಮುಂದಿನ ಮಾಘಕ್ಕೆ ಸಿಕ್ಕಾರು, ಮೊದಲು ಡ್ರೈವರುಗಳನ್ನು ಕೇಳಬೇಕು.